ಹಳೆ ಕಾರಿಗೆ ಬಿಗಿ ಶಾಕ್ ಯಾಕೆ?

ಹಳೆಯ ಕಾರು ಗುಂಡಿಗಳಲ್ಲಿ ಕುಲುಕಿದರೆ ಗ್ಯಾರೇಜುಗಳಲ್ಲಿ ಸಿಗುವ ಸಲಹೆ, 'ಗ್ಯಾಸ್ ಶಾಕ್ ಹಾಕಿಸಿಬಿಡಿ ಸಾರ್'. ಬೆಲೆ ಹೆಚ್ಚಾದರೆ ಸುಖವೂ ಹೆಚ್ಚು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ಅಡಗಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಚಲನೆ ಶಾಖವಾಗಿ ಕರಗುತ್ತದೆ. ಈ ತಡೆ ಸ್ಪ್ರಿಂಗಿಗೂ ಕಾರಿನ ತೂಕಕ್ಕೂ ಹೊಂದಬೇಕು. 1983ರಲ್ಲಿ ಬಂದ ಮಾರುತಿ 800ರಂಥ ಹಗುರ ಕಾರಿಗೆ ಬಿಗಿಯಾದ ಗ್ಯಾಸ್ ಶಾಕ್ ಕೂರಿಸಿದರೆ ಸಣ್ಣಪುಟ್ಟ ಏಟೂ ಸೀಟಿಗೇ ಬರುತ್ತದೆ. ಆರಾಮವೇ ಗುರಿಯಾದರೆ ತಯಾರಕರು ಮೊದಲು ಕೊಟ್ಟಿದ್ದ ಬಗೆಯೇ ಸರಿ, ಅದೂ ಎಡಬಲ ಜೋಡಿಯಾಗಿ.

ಗ್ಯಾಸ್ ಪರವಾದ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಒತ್ತಡದ ಅನಿಲ ಎಣ್ಣೆ ನೊರೆಗಟ್ಟುವುದನ್ನು ತಗ್ಗಿಸುತ್ತದೆ. ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಅದು ನಿಜವಾದ ಲಾಭ. ಅಂಥವರು ಕಡಿಮೆ ಒತ್ತಡದ, ಎರಡು ಕೊಳವೆಯ ಬಗೆಯನ್ನು ಕೇಳಿ ಪಡೆಯಲಿ. ಗ್ಯಾಸ್ ಇದ್ದ ಮಾತ್ರಕ್ಕೆ ಶಾಕ್ ಬಿಗಿಯಾಗಿರಲೇಬೇಕಿಲ್ಲ. ಹೊಸ ಶಾಕ್ ಹಾಕಿಯೂ ಕುಲುಕು ಹೋಗಲಿಲ್ಲ ಎಂಬ ದೂರು ಬೇರೆಯೇ. ಎಷ್ಟೋ ಸಲ ಅಲ್ಲಿ ಸವೆದಿರುವುದು ರಬ್ಬರ್ ಬುಷ್ ಮತ್ತು ಶಾಕನ್ನು ಕಾರಿನ ಒಡಲಿಗೆ ಕೂಡಿಸುವ ಸ್ಟ್ರಟ್ ಮೌಂಟ್, ಇಲ್ಲವೇ ಟೈರಿನಲ್ಲಿ ಗಾಳಿ ಜಾಸ್ತಿ. ಶಾಕ್ ಬಿಚ್ಚಿದಾಗಲೇ ಬುಷ್, ಮೌಂಟುಗಳನ್ನೂ ಬದಲಿಸಿದರೆ ಮತ್ತೊಮ್ಮೆ ಕೂಲಿ ತೆರಬೇಕಿಲ್ಲ.