ಮಕ್ಕಳಿಗೆ ನಮ್ಮ "ಯಾಕೆ" ಗೊತ್ತೇ?



ಪಾಲೋ ಆಲ್ಟೋ ಎಂದರೆ ನಮ್ಮವರಿಗೆ ನೆನಪಾಗುವುದು ಸ್ಟಾರ್ಟಪ್ಪು, ಮನೆ ಬೆಲೆ, ಒಳ್ಳೆಯ ಶಾಲೆಗಳು. ಅದೇ ಊರಿನಲ್ಲಿ 2009ರಲ್ಲಿ, ಮತ್ತೆ 2014-15ರಲ್ಲಿ, ಹದಿಹರೆಯದ ಹಲವು ಮಕ್ಕಳು ತಾವಾಗಿಯೇ ಜೀವ ಕಳೆದುಕೊಂಡರು. ಕಾರಣ ಇಂಥದ್ದೇ ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಮಾರ್ಕ್ಸಿನಾಚೆಗೆ ಮಕ್ಕಳಿಗೆ ಏನು ಬೇಕು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆ ಪ್ರಶ್ನೆಯನ್ನೇ ಕಸುಬು ಮಾಡಿಕೊಂಡವರು ವಿಲಿಯಂ ಡೇಮನ್. 1973ರಲ್ಲಿ ಬರ್ಕ್ಲಿಯಲ್ಲಿ ಪಿಎಚ್.ಡಿ. ಮುಗಿಸಿ, ಕ್ಲಾರ್ಕ್, ಬ್ರೌನ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ, 1997ರಲ್ಲಿ ಪಾಲೋ ಆಲ್ಟೋ ಪಕ್ಕದ ಸ್ಟ್ಯಾನ್‌ಫರ್ಡ್‌ಗೆ ಬಂದವರು. ಮೊದಲು ಅಧ್ಯಯನ ಮಾಡಿದ್ದು ಪುಟ್ಟ ಮಕ್ಕಳ ಹಂಚಿ ತಿನ್ನುವ ನ್ಯಾಯವನ್ನು! ಹರೆಯ ಎಂದರೆ ಬರೀ ಡ್ರಗ್ಸು, ಜಗಳ, ಫೇಲು ಎಂದು ನೋಡುತ್ತಿದ್ದ ಶಾಸ್ತ್ರಕ್ಕೆ, ಮಕ್ಕಳ ಶಕ್ತಿಯನ್ನು ನೋಡಿ ಎಂದವರಲ್ಲಿ ಅವರೂ ಒಬ್ಬರು. ತನಗೂ ಅರ್ಥಪೂರ್ಣವಾಗಿರುವ, ತನ್ನಾಚೆಗಿನ ಜಗತ್ತಿಗೂ ಉಪಯೋಗವಾಗುವ ಗುರಿ ಬೇಕು ಎನ್ನುವುದು ಅವರ ವಾದ. 2008ರಲ್ಲಿ ಬಂದ "ದ ಪಾತ್ ಟು ಪರ್ಪಸ್" ಪುಸ್ತಕದ ಪ್ರಕಾರ, ಅಂಥ ಗುರಿ ಇದ್ದದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ಸುಮಾರು ಕಾಲು ಭಾಗದವರಿಗೆ ಯಾವುದೂ ಬೇಡವಾಗಿತ್ತು.

ಗುರಿಯನ್ನು ಅಪ್ಪ-ಅಮ್ಮ ಕೊಡಿಸಲಾಗದು. ಆದರೆ ತಮ್ಮ ಕೆಲಸ ತಮಗೆ ಯಾಕೆ ಮುಖ್ಯ ಎಂದು ಮಕ್ಕಳಿಗೆ ಹೇಳಬಹುದು ಎನ್ನುತ್ತಾರೆ ಡೇಮನ್. ನಮ್ಮ ಮನೆಗಳಲ್ಲಿ ಕೆಲಸದ ಮಾತೆಂದರೆ ವೀಸಾ, ಬೋನಸ್ಸು, ಮ್ಯಾನೇಜರನ ಕಾಟ. ಹೋಗಲಿ, ಕನ್ನಡದ ಮಾತು? ರಾತ್ರಿ ಹನ್ನೊಂದಕ್ಕೆ ಕೂತು ಬೆಂಗಳೂರಿನ ಬೋರ್ಡುಗಳಲ್ಲಿ ಕನ್ನಡವಿಲ್ಲ ಎಂದು ಮೇಲ್ ಬರೆಯುತ್ತೇವೆ. ಅಪ್ಪ ಯಾಕೆ ಅಷ್ಟು ಸಿಟ್ಟಾಗಿದ್ದಾನೆ ಎಂಬುದು ಪಕ್ಕದ ಕೋಣೆಯ ಮಗಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು "ಕನ್ನಡ ಕ್ಲಾಸಿಗೆ ಹೊರಡು, ತಡವಾಯ್ತು" ಅಷ್ಟೇ.

ಆ ಕ್ಲಾಸನ್ನೂ ನಾವು ಹಾಳುಮಾಡುತ್ತಿದ್ದೇವೆ. ಹೈಸ್ಕೂಲಿಗೆ ಬಂದ ಮಕ್ಕಳನ್ನು ಕರೆತರುವುದು ವಾಲಂಟಿಯರ್ ಗಂಟೆಗಳ ಲೆಕ್ಕಕ್ಕೆ, ಕಾಲೇಜು ಅರ್ಜಿಯ ಒಂದು ಸಾಲಿಗೆ. ಕೊಡುವ ಕೆಲಸ ಕುರ್ಚಿ ಜೋಡಿಸುವುದು, ಊಟದ ತಟ್ಟೆ ಹಂಚುವುದು. ಹದಿನಾರರ ಹುಡುಗ ಆರರ ಪುಟಾಣಿಗೆ ಅ ಆ ಇ ಈ ಕಲಿಸಲಾರನೇ? ಊರಿಂದ ಬಂದ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿ ಕನ್ನಡ ವಿಕಿಪೀಡಿಯಕ್ಕೆ ಅವರೂರಿನ ಬಗ್ಗೆ ನಾಲ್ಕು ಸಾಲು ಹುಡುಕಿ ಬರೆಯಲಾರನೇ? ತಪ್ಪು ಕನ್ನಡ ಬರೆದರೆ ತಿದ್ದೋಣ, ನಗುವುದು ಬೇಡ.

ಮುಂದಿನ ಕೂಟದ ಕಾರ್ಯಕಾರಿ ಸಭೆಗೆ ಹೈಸ್ಕೂಲಿನ ಇಬ್ಬರನ್ನು ಕೂರಿಸಿ. ಅವರಿಗೂ ವೋಟು ಇರಲಿ.