ಸೋಲು-ಗೆಲವಿನ ಲೆಕ್ಕ

ಚುನಾವಣೆಯ ಪಟ್ಟಿಯಲ್ಲಿ ಶಾಂತವೇರಿ ಗೋಪಾಲಗೌಡರ ಲೆಕ್ಕ ಬಹು ಚಿಕ್ಕದು. 1952, 1962 ಮತ್ತು 1967ರಲ್ಲಿ ಗೆಲವು. ನಡುವೆ 1957ರಲ್ಲಿ ಸೋಲು. ಮಂತ್ರಿಪದವಿಯ ಕಲಮು ಬರಿದು. ಇಷ್ಟನ್ನೇ ಓದಿದವರು “ಇವರಿಂದ ಆದುದೇನು?” ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ಮೊದಲ ಗೆಲವಿಗೂ ಹಿಂದಿನ ವರ್ಷವನ್ನು ನೋಡಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಒಡೆಯರು ಗೇಣಿಯ ಬತ್ತವನ್ನು ಅಳೆದುಕೊಳ್ಳುವ ಕೊಳಗ ನ್ಯಾಯದ ಅಳತೆಯದಲ್ಲವೆಂದು ಸತ್ಯಾಗ್ರಹ ಹೂಡಿದರು. ಗೌಡರು ಅದರ ಮುಂದಾಳುಗಳಲ್ಲೊಬ್ಬರು. ಮರುವರ್ಷ ಮಲೆನಾಡಿನ ಮತದಾರರು, ಮೂವತ್ತು ತುಂಬದ ಈ ಬಡ ಸಮಾಜವಾದಿಯನ್ನು ಮೈಸೂರು ವಿಧಾನಸಭೆಗೆ ಕಳುಹಿಸಿದರು. ಹಣವಿಲ್ಲದ ಅವರು ಮತದಾರರಲ್ಲಿ ಬೇಡಿದ್ದು ಒಂದು ವೋಟು, ಜೊತೆಗೆ ಒಂದು ನೋಟು. ಹಣ ಹಂಚಿ ಮತ ಕೊಳ್ಳುವವರ ರೀತಿಗೆ ಇದು ತೀರ ತಿರುವುಮುರುವಲ್ಲವೆ?

ಉಳುವವನಿಗೆ ನೆಲ, ನಾಡಿಗೆ ಕರ್ನಾಟಕವೆಂಬ ಹೆಸರು, ಆಡಳಿತದಲ್ಲಿ ಕನ್ನಡ—ಇವು ಅವರ ಬಾಳಿನ ಹಂಬಲಗಳು. 1972ರ ಜೂನ್ ತಿಂಗಳಲ್ಲಿ, 49ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಾಡಿಗೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಗೇಣಿದಾರನಿಗೆ ಭೂಮಿಯ ಒಡೆತನ ನೀಡುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಎರಡನ್ನೂ ಕಾಣುವ ಭಾಗ್ಯ ಅವರಿಗಿರಲಿಲ್ಲ.

ಇಂಥ ಫಲವನ್ನು ಬರೆಯಲು ಚುನಾವಣೆಯ ಪಟ್ಟಿಯಲ್ಲಿ ಕಲಮಿಲ್ಲ. ಮನೆಬಾಗಿಲಿಗೆ ಮತ ಕೇಳಲು ಬಂದವರನ್ನು “ಎಷ್ಟು ಸಲ ಗೆದ್ದಿರಿ?” ಎಂದು ವಿಚಾರಿಸುವುದು ಸುಲಭ. “ಗೆಲ್ಲುವ ಮುನ್ನ ಯಾರ ಪಕ್ಕದಲ್ಲಿ ನಿಂತಿದ್ದಿರಿ?” ಎಂದು ಕೇಳಿದರೆ ಮಾತ್ರ ನಮ್ಮ ಪ್ರತಿನಿಧಿಯ ಗುರುತು ನಮಗೆ ಸಿಕ್ಕೀತು.