ಪ್ರಕಾಶಕರನ್ನು ಆರಿಸುವುದೂ ಬರಹಗಾರರ ಕೆಲಸ

ಹಂಪಿಯಲ್ಲಿ 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಹೊಸಪೇಟೆ ಸುತ್ತಿನ ಊರುಗಳಲ್ಲಿ ಬರೆಯುವವರ ಬಳಗ ದೊಡ್ಡದಾಗಿದೆ. ಪಿಎಚ್‌.ಡಿ. ಮುಗಿಸಿದವರು, ಸಂಡೂರಿನ ಗಣಿ ದೂಳನ್ನು ಕಥೆಯಾಗಿಸುವ ಮೇಷ್ಟ್ರುಗಳು, ಕಂಪ್ಲಿಯ ಗದ್ದೆ ಬದುಕನ್ನು ಪದ್ಯವಾಗಿಸುವ ಹುಡುಗ ಹುಡುಗಿಯರು ಎಲ್ಲರ ಬಳಿಯೂ ಹಸ್ತಪ್ರತಿಗಳಿವೆ. ಅವನ್ನು ಯಾರ ಕೈಗೆ ಕೊಡಬೇಕು ಎಂಬ ತೀರ್ಮಾನ ಮಾತ್ರ ಬಹಳ ಸಲ ಒಂದೇ ಫೋನ್ ಕರೆಯಲ್ಲಿ ಮುಗಿದುಹೋಗುತ್ತದೆ. ‘ಇಷ್ಟು ಹಣ ಕೊಡಿ, ಐಎಸ್‌ಬಿಎನ್ ಹಾಕಿಸಿ ಪುಸ್ತಕ ಮಾಡಿಕೊಡುತ್ತೇವೆ’ ಎನ್ನುತ್ತಾರೆ ಆ ಕಡೆಯವರು. ಬಿಡುಗಡೆ ಸಮಾರಂಭವೂ ಆಗುತ್ತದೆ. ಆಮೇಲೆ ಪ್ರತಿಗಳು ಲೇಖಕರ ಮನೆಯ ಅಟ್ಟ ಸೇರುತ್ತವೆ.

ಹೀಗೆ ಹಣ ಪಡೆದು ಪುಸ್ತಕ ಮಾಡಿಕೊಡುವವರು ಮುದ್ರಕರೇ ಹೊರತು ಪ್ರಕಾಶಕರಲ್ಲ. ಹಸ್ತಪ್ರತಿ ಓದಿ, ತಿದ್ದಿಸಿ, ತಮ್ಮ ಬಂಡವಾಳ ಹಾಕಿ, ಅಂಗಡಿಗೂ ಓದುಗರಿಗೂ ತಲುಪಿಸುವವರು ಪ್ರಕಾಶಕರು. ಈ ವ್ಯತ್ಯಾಸ ಮಸುಕಾಗಲು ಉನ್ನತ ಶಿಕ್ಷಣದ ಅಂಕಪದ್ಧತಿಯೂ ಒಂದು ಕಾರಣ. 2018ರ ಯುಜಿಸಿ ನಿಯಮಾವಳಿಯಲ್ಲಿ ರಾಷ್ಟ್ರೀಯ ಪ್ರಕಾಶಕರು ತಂದ ಪುಸ್ತಕಕ್ಕೆ 10 ಅಂಕವಿದೆ. ಕೆಲಸಕ್ಕೆ ಕಾಯುತ್ತಿರುವ ಸಂಶೋಧಕರಿಗೆ ಆ ಅಂಕ ಬೇಕೇ ಬೇಕು. ಅವರ ಅವಸರವೇ ಕೆಲವರ ವ್ಯಾಪಾರವಾಗಿದೆ. ಆದರೆ ಐಎಸ್‌ಬಿಎನ್ ಗುಣಮಟ್ಟದ ಮುದ್ರೆಯಲ್ಲ, ಬರೀ ಗುರುತಿನ ಸಂಖ್ಯೆ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಲೇಖಕರು ತಾವೇ ಅರ್ಜಿ ಹಾಕಿಯೂ ಪಡೆಯಬಹುದು. ಇದಕ್ಕೆಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

ಪ್ರಕಾಶನ ಸಂಸ್ಥೆಯೊಂದನ್ನು ಅಳೆಯುವ ಮೊದಲ ಸಾಧನ ಅದರ ಪುಸ್ತಕಗಳೇ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಪ್ರಕಟಣೆಯ ವಿವರವನ್ನು ಲೇಖಕರಾಗುವವರು ಸಾವಧಾನವಾಗಿ ಓದಬೇಕು. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಯಾವ ಕಾಗದ, ಹಕ್ಕು ಯಾರದು, ಮುಖಪುಟ ಯಾರದು, ಎಲ್ಲಿ ಅಚ್ಚಾಯಿತು ಎಂಬುದನ್ನು ಕನ್ನಡದ ಪುಸ್ತಕಗಳು ಇಲ್ಲಿ ಹೇಳಿಕೊಂಡು ಬಂದಿವೆ. ಒಂದೇ ಪ್ರಕಾಶನದ ನಾಲ್ಕಾರು ಪುಸ್ತಕಗಳ ಈ ಪುಟವನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೇ, ಮೂರನೇ ಮುದ್ರಣ ಕಂಡ ಪುಸ್ತಕಗಳಿದ್ದರೆ ಅವರಿಗೆ ಮಾರುವುದು ಗೊತ್ತು ಎಂದರ್ಥ. ಎಲ್ಲದರಲ್ಲೂ ‘ಹಕ್ಕು: ಪ್ರಕಾಶಕರದು’ ಎಂದಿದ್ದರೆ ಯಾಕೆ ಎಂದು ಕೇಳಲೇಬೇಕು. ಯಾವುದೂ ಮರುಮುದ್ರಣ ಕಾಣದೆ, ವರ್ಷಕ್ಕೆ ರಾಶಿ ರಾಶಿ ಹೊಸ ಶೀರ್ಷಿಕೆಗಳು ಬರುತ್ತಿದ್ದರೆ ಅವರ ಕಣ್ಣು ಓದುಗರ ಮೇಲಿಲ್ಲ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲಿರುವ ಸಾಧ್ಯತೆಯೇ ಹೆಚ್ಚು. ಆ ಖರೀದಿ ತಡವಾದ ವರ್ಷ ಅಂಥ ಪ್ರಕಾಶನದ ಲೇಖಕರ ಗೌರವಧನವೂ ನಿಲ್ಲುತ್ತದೆ.

ಎರಡನೆಯದು, ನಿಮ್ಮ ಪುಸ್ತಕಕ್ಕೂ ಆ ಪ್ರಕಾಶನಕ್ಕೂ ಹೊಂದುತ್ತದೆಯೇ ಎಂಬುದು. ಹಂಪಿಯ ಶಾಸನ, ಬುಡಕಟ್ಟು ಅಧ್ಯಯನದಂಥ ಸಂಶೋಧನೆಗೆ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಸಹಜ ನೆಲೆ. ಅದು ಈವರೆಗೆ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ತಂದಿದೆ. ಸಾಹಿತ್ಯ, ವಿಮರ್ಶೆ, ವೈಚಾರಿಕ ಬರಹಗಳಿಗೆ ಹೊಸಪೇಟೆಯ ಯಾಜಿ ಪ್ರಕಾಶನ, ಎಮ್ಮಿಗನೂರಿನ ಬಳಿಯ ಚನ್ನಪಟ್ಟಣದಿಂದ ನಡೆಯುವ ಪಲ್ಲವ ಪ್ರಕಾಶನ, ಬಳ್ಳಾರಿಯ ಲೋಹಿಯಾ ಪ್ರಕಾಶನಗಳಿವೆ. ಹಳ್ಳಿಯ ವಿಳಾಸದಿಂದಲೂ ನಾಡಿನ ಓದುಗರನ್ನು ಮುಟ್ಟಬಹುದು ಎಂಬುದನ್ನು ಪಲ್ಲವದಂಥವು ತೋರಿಸಿಕೊಟ್ಟಿವೆ. ಹಾಗಾಗಿ ಬೆಂಗಳೂರಿನವರು ಒಪ್ಪಿದರೆ ಮಾತ್ರ ಲೇಖಕ ಎಂಬ ಕೀಳರಿಮೆ ನಮಗೆ ಬೇಕಿಲ್ಲ. ಅದೇ ವೇಳೆ ಮೊದಲ ಕಥಾಸಂಕಲನ ಹಿಡಿದು ಕೂತವರಿಗೆ ಬೆಂಗಳೂರಿನ ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆ ನಿಜಕ್ಕೂ ಒಳ್ಳೆಯ ದಾರಿ. ಅದನ್ನು ಕಟ್ಟಿದ ವಸುಧೇಂದ್ರ ಸಂಡೂರಿನವರೇ. ಅಲ್ಲಿ ತೀರ್ಪುಗಾರರು ಹಸ್ತಪ್ರತಿ ಓದಿ ಆರಿಸುತ್ತಾರೆ, ಗೆದ್ದ ಪುಸ್ತಕಕ್ಕೆ ಲೇಖಕರು ದುಡ್ಡು ಹಾಕಬೇಕಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ.

ತಾವೇ ಪ್ರಕಟಿಸುವುದು ಅವಮಾನವೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದ್ದುಂಟು. ಅವರು ತಿಳಿದೇ ಪ್ರಕಾಶಕರಾದರು, ಹೊಣೆ ಹೊತ್ತರು. ಹಂಪಿಗೆ ಬರುವ ಪ್ರವಾಸಿಗರಿಗೆಂದು ಕೈಪಿಡಿ ಬರೆದವರಿಗೆ ಈ ದಾರಿಯೇ ಹೆಚ್ಚು ಲಾಭದ್ದಾಗಬಹುದು. ಕೊಳ್ಳುವವರು ವಿರೂಪಾಕ್ಷ ಗುಡಿಯ ಸುತ್ತಮುತ್ತಲೇ ಸಿಗುತ್ತಾರಲ್ಲ. ಕವನ ಸಂಕಲನದ ಮಾತು ಬೇರೆ, ಅದಕ್ಕೆ ದೂರದ ಓದುಗರನ್ನು ಹುಡುಕಿಕೊಡುವ ಪ್ರಕಾಶಕರೇ ಬೇಕು.

ನಮ್ಮಲ್ಲಿ ತೀರಾ ಅಲಕ್ಷ್ಯಕ್ಕೆ ಗುರಿಯಾಗಿರುವುದು ಒಪ್ಪಂದ. ‘ನಮ್ಮವರೇ, ಕಾಗದ ಯಾಕೆ?’ ಎಂಬ ಸಂಕೋಚ ಲೇಖಕರಿಗೆ ದುಬಾರಿಯಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಅದಕ್ಕೆ ಸಹಿಯೂ ಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಬೇರೆ ಷರತ್ತು ಇಲ್ಲದಿದ್ದಲ್ಲಿ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಹೋದರೆ ಆ ವರ್ಗಾವಣೆ ಬಿದ್ದುಹೋಗುತ್ತದೆ. ಲೇಖಕರ ಪರ ಇಷ್ಟು ಸ್ಪಷ್ಟ ಕಾನೂನಿದ್ದೂ ಬಾಯಿಮಾತಿನಲ್ಲೇ ಹಸ್ತಪ್ರತಿ ಕೈದಾಟಿಸುವುದು ಸರಿಯಲ್ಲ. ಗೌರವಧನ ಶೇಕಡ ಎಷ್ಟು, ಎಷ್ಟು ಪ್ರತಿ ಅಚ್ಚು, ಇ-ಬುಕ್, ಆಡಿಯೊ ಮತ್ತು ಅನುವಾದದ ಹಕ್ಕು ಯಾರದು, ವರ್ಷಕ್ಕೊಮ್ಮೆ ಲೆಕ್ಕ ಕೊಡುತ್ತಾರೆಯೇ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಸಾಕು. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಸರಿಸುವುದಿಲ್ಲ.

ಹೊಸಪೇಟೆ, ಸಂಡೂರು, ಕಂಪ್ಲಿಯ ಹೊಸ ಬರಹಗಾರರಲ್ಲಿ ಒಂದು ವಿನಂತಿ. ಹಸ್ತಪ್ರತಿ ಕಳಿಸುವ ಮೊದಲು ಆ ಪ್ರಕಾಶನದಿಂದ ಪುಸ್ತಕ ತಂದ ಇಬ್ಬರು ಲೇಖಕರನ್ನಾದರೂ ಮಾತನಾಡಿಸಿ. ಕರಡು ತಿದ್ದಲು ಕೊಟ್ಟರೇ, ಹೇಳಿದ ತಿಂಗಳಿಗೆ ಪುಸ್ತಕ ಬಂತೇ, ಗೌರವಧನ ಕೈಸೇರಿತೇ, ಈಗಲೂ ಆ ಪುಸ್ತಕ ಕೊಳ್ಳಲು ಸಿಗುತ್ತಿದೆಯೇ ಎಂದು ಕೇಳಿ. ಉತ್ತರ ಹಾರಿಕೆಯದ್ದಾದರೆ ಬೇರೆ ಬಾಗಿಲು ತಟ್ಟಿ.